ಬಸ್ಕಿ ಶಿಕ್ಷೆಯಲ್ಲ, ಶಕ್ತಿ



ಬಸ್ಕಿ ಎಂದರೆ ಹಿರೇಕೆರೂರಿನ ಮಕ್ಕಳಿಗೂ ಮೊದಲು ನೆನಪಾಗುವುದು ಶಿಕ್ಷೆ. ಮನೆಪಾಠ ಬರೆಯದಿದ್ದರೆ ಕಿವಿ ಹಿಡಿದು ಹೊಡೆಯಬೇಕು. ಆದರೆ ನಮ್ಮ ಉತ್ತರ ಕರ್ನಾಟಕದ ಗರಡಿಮನೆಗಳಲ್ಲಿ ಬಸ್ಕಿ, ಸಾಮು ಪೈಲ್ವಾನರ ನಿತ್ಯದ ಸಾಧನೆ. ಬಲ ಕೊಡುವ ಭಂಗಿಯನ್ನೇ ಅವಮಾನಕ್ಕೆ ಬಳಸಿದರೆ ಮಗು ವ್ಯಾಯಾಮವನ್ನೂ, ಓದನ್ನೂ ದ್ವೇಷಿಸುತ್ತದೆ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮನೆಯಲ್ಲಿ ನಾವು ಬಿಟ್ಟಿದ್ದೇವೆಯೇ?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದಕ್ಕೆ ಪಡಸಾಲೆಯಷ್ಟು ಜಾಗ ಸಾಕು.

ಊಟಕ್ಕೆ ಮೊದಲು ಕೈ ಮುಂದೆ ಚಾಚಿ, ಹಿಮ್ಮಡಿ ಎತ್ತದೆ, ನಿಧಾನವಾಗಿ 10 ಬಸ್ಕಿ. ನಂತರ ಮೊಣಕಾಲು ನೆಲಕ್ಕೂರಿ ಸಾಮು. ಚಿಕ್ಕವರು ಗೋಡೆಗೆ ಕೈ ಕೊಟ್ಟು ಮಾಡಲಿ. ಕೊನೆಗೆ ಎದುರಿನ ಒಂದೇ ಗುರುತು ನೋಡುತ್ತ ಒಂಟಿಗಾಲಲ್ಲಿ 20 ಎಣಿಸುವವರೆಗೆ ನಿಲ್ಲುವುದು. ಕಣ್ಣು ಅತ್ತಿತ್ತ ಹೋದರೆ ಕಾಲು ಅಲುಗುತ್ತದೆ. ಗಮನವೆಂದರೇನೆಂದು ಮಗುವಿಗೆ ದೇಹವೇ ಕಲಿಸುತ್ತದೆ. ಉಸಿರು ಬಿಗಿಹಿಡಿಯಬಾರದು, ನೋವಾದರೆ ನಿಲ್ಲಿಸಬೇಕು.

ಹೆಣ್ಣುಮಕ್ಕಳನ್ನು ಬಿಡಬೇಡಿ, ಪಡಸಾಲೆಯೇ ಅವರ ಗರಡಿ. ಎಣಿಸುತ್ತ ನಿಲ್ಲಬೇಡಿ, ಜೊತೆಗೆ ಮಾಡಿ. ತಪ್ಪಿಗೆಂದು ಮಾತ್ರ ಒಂದು ಬಸ್ಕಿಯನ್ನೂ ಹೊಡೆಸಬೇಡಿ.