ಕೊಪ್ಪಳದ ಕೋಟೆಯೂ ಜನರಲ್ ಮಾಲ್ಕಮನೂ



ಕೊಪ್ಪಳದ ಕೋಟೆಯನ್ನು ನಾವು ದಿನವೂ ಕಾಣುತ್ತೇವೆ. ಅದರ ಬುಡದಲ್ಲಿ ಕಾದಾಡಿದ ಒಬ್ಬ ಸೇನಾನಿಯನ್ನು ಮಾತ್ರ ಮರೆತಿದ್ದೇವೆ. ಸ್ಕಾಟ್ಲೆಂಡಿನ ರೈತನೊಬ್ಬನ ಮಗನಾಗಿ 1769ರಲ್ಲಿ ಹುಟ್ಟಿದ ಜಾನ್ ಮಾಲ್ಕಮನು ಹದಿಮೂರನೆಯ ವಯಸ್ಸಿಗೇ ಕಂಪನಿಯ ಸೈನ್ಯವನ್ನು ಸೇರಿದನು. 1790ರಲ್ಲಿ ನಿಜಾಮನ ದಂಡಿನೊಡನೆ ಟೀಪುವಿನ ಈ ಕೋಟೆಯನ್ನು ಮುತ್ತಿದ ಪಡೆಯಲ್ಲಿ ಅವನೂ ಇದ್ದನು. ಕೋಟೆಯು ತಿಂಗಳುಗಟ್ಟಲೆ ಮಣಿಯಲಿಲ್ಲ. ಬೆಂಗಳೂರು ಬಿದ್ದ ಬಳಿಕ, 1791ರ ಏಪ್ರಿಲಿನಲ್ಲಿ ವಶವಾಯಿತು. ತಾನು ಕಂಡ ಕೋಟೆಗಳಲ್ಲಿ ಇಷ್ಟು ಬಲವಾದುದು ಬೇರೊಂದಿಲ್ಲವೆಂದು ಅವನೇ ಒಪ್ಪಿದನು.

ಆ ಯುದ್ಧಕಾಲದಲ್ಲಿಯೇ ಅವನು ಪಾರಸಿ ಭಾಷೆಯ ವ್ಯಾಸಂಗಕ್ಕೆ ತೊಡಗಿದನು. ಕತ್ತಿಗಿಂತ ಆ ವಿದ್ಯೆಯೇ ಅವನನ್ನು ಮೇಲೆತ್ತಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿನ ಭವಿಷ್ಯವನ್ನು ಗೊತ್ತುಮಾಡಿದ ಮಂಡಲಿಗೆ ಕಾರ್ಯದರ್ಶಿಯಾದನು, ಇರಾಣಕ್ಕೆ ರಾಯಭಾರಿಯಾದನು, ಜನರಲ್ ಪದವಿಗೇರಿ 1818ರಲ್ಲಿ ಪೇಶ್ವೆ ಬಾಜೀರಾಯನ ಶರಣಾಗತಿಯನ್ನು ಪಡೆದನು, 1827ರಿಂದ 1830ರವರೆಗೆ ಮುಂಬಯಿಯ ಗವರ್ನರನಾಗಿದ್ದನು.

ಈಗ ಗಮನಿಸಿರಿ. 1792ರ ಒಪ್ಪಂದದಿಂದ ಕೊಪ್ಪಳವು ನಿಜಾಮನ ಪಾಲಾಯಿತು. 1799ರಲ್ಲಿ ಮೈಸೂರು ಒಡೆಯರಿಗುಳಿಯಿತು. ಪೇಶ್ವೆಯ ಪತನದಿಂದ ಧಾರವಾಡವು ಮುಂಬಯಿಗೆ ಸೇರಿತು. ಒಬ್ಬ ಸೇನಾನಿಯ ಏಳಿಗೆಯ ಮೂರು ಮೆಟ್ಟಿಲುಗಳೇ ನಮ್ಮ ನಾಡಿನ ಮೂರು ತುಂಡುಗಳು! ಅವು 1956ರ ನವೆಂಬರ್ 1ರಂದು ಮರಳಿ ಕೂಡಲು, ಕೊಪ್ಪಳದ ಲೆಕ್ಕದಲ್ಲಿ, 164 ವರ್ಷಗಳೇ ಹಿಡಿದವು.

ಪರದೇಶದವನು ಪರಭಾಷೆಯನ್ನು ಕಲಿತು ನಮ್ಮನ್ನು ಅರಿತನು. ನಮ್ಮ ಕೋಟೆಯ ಕಥೆಯನ್ನು ನಮ್ಮ ನುಡಿಯಲ್ಲಿ ನಮ್ಮ ಮಕ್ಕಳಿಗೆ ನಾವೇ ಹೇಳದಿದ್ದರೆ, ಆ ತಪ್ಪನ್ನು ಯಾವ ಜನರಲ್ಲನ ಮೇಲೆ ಹೊರಿಸೋಣ?