ಕೋಶದೊಳಗಿನ ನೂಲಿನ ಉಂಡೆ

ಮದುವೆಯಾಗಿ ವರ್ಷಗಳಾದ್ರೂ ಮಗು ಆಗ್ಲಿಲ್ಲ ಅಂದ್ರೆ ಊರಿನ ಮಾತು ಮೊದಲು ಹೋಗೋದು ಸೊಸೆ ಕಡೆಗೇ. ಆದ್ರೆ ಕಾರಣ ಕೆಲವೊಮ್ಮೆ ಗಂಡಸಿನ ವೀರ್ಯಾಣುವಿನಲ್ಲಿ, ಅದರೊಳಗಿನ ಡಿಎನ್‌ಎ ಸುತ್ತಿರೋ ರೀತಿಯಲ್ಲಿ ಇರುತ್ತೆ.

ನಮ್ಮ ಹುಲಿಕುಂಟೆ, ಶಿರಾ ಸೀಮೇಲಿ ಕಂಬಳಿ ನೇಯೋರನ್ನ ಕೇಳಿ: ನೂಲನ್ನ ತುರುಕಿಟ್ರೆ ಗಂಟು ಬೀಳುತ್ತೆ, ಸುತ್ತಿಟ್ರೆ ಬೇಕಾದಾಗ ಬಿಚ್ಚಬಹುದು. ಜೀವಕೋಶ ಮಾಡೋದೂ ಅದನ್ನೇ. ಒಂದು ಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಕೂರುವ ಕೋಶಕೇಂದ್ರದ ಅಗಲ ಹೆಚ್ಚುಕಮ್ಮಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. 8 ಹಿಸ್ಟೋನ್ ಪ್ರೋಟೀನುಗಳು ಸೇರಿ ಒಂದು ಉರುಳೆಯಾಗುತ್ತವೆ. ಡಿಎನ್‌ಎ ಅದರ ಮೇಲೆ ಒಂದೂಮುಕ್ಕಾಲು ಸುತ್ತಿನಷ್ಟು ಸುತ್ತಿಕೊಂಡು ಮುಂದಿನ ಉರುಳೆಗೆ ಹೋಗುತ್ತೆ.

ವೀರ್ಯಾಣು ತಯಾರಾಗುವಾಗ ಈ ಉರುಳೆಗಳಲ್ಲಿ ಬಹುಪಾಲು ಜಾಗ ಬಿಡುತ್ತವೆ. ಮಧ್ಯಂತರ ಪ್ರೋಟೀನುಗಳು ಬಂದುಹೋಗಿ, ಕೊನೆಗೆ ಪ್ರೋಟಮೈನ್‌ಗಳು ಡಿಎನ್‌ಎಯನ್ನ ಇನ್ನೂ ಬಿಗಿಯಾಗಿ ಕಟ್ಟುತ್ತವೆ. ಆ ಮಧ್ಯಂತರ ಪ್ರೋಟೀನುಗಳನ್ನ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಪ್ರೊ. ಎಂ.ಆರ್.ಎಸ್. ರಾವ್. ಭಾರತೀಯ ವಿಜ್ಞಾನ ಸಂಸ್ಥೆ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಅವರ ಕರ್ಮಭೂಮಿ. 2010ರಲ್ಲಿ ಪದ್ಮಶ್ರೀ ಬಂತು, 2023ರಲ್ಲಿ ತೀರಿಕೊಂಡರು.

ಈ ಕಟ್ಟು ಸಡಿಲವಾದ್ರೆ ಡಿಎನ್‌ಎಗೆ ಪೆಟ್ಟಾಗಬಹುದು, ಗರ್ಭ ನಿಲ್ಲದೇ ಇರಬಹುದು. ಹಾಗಾಗಿ ಆಸ್ಪತ್ರೆಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ದೂರೋ ಮಾತು ಬೇಡ.