ಚಿತ್ರ ನಿಂತಿದೆ, ಲೆಕ್ಕ ಓಡುತ್ತಿದೆ



ನಾನು ಮಾಡಿದ ಮೊದಲ ಡಿವಿಡಿ ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿತು. ನಾಲ್ಕು ಸಿ-60 ಕ್ಯಾಸೆಟ್‌ಗಳ ತುಂಬ ನಮ್ಮಜ್ಜಿ ಮತ್ತು ಅವರ ಓರಗೆಯವರು ಹಾಡಿದ ಸೋಬಾನೆ ಪದಗಳು, ಜೊತೆಗೆ ಮದುವೆಮನೆಯ ಹಳೆಯ ಫೋಟೊಗಳು. ಡಿಸ್ಕಿನ ಪೊಟ್ಟಣದ ಮೇಲೆ 4.7 ಜಿಬಿ ಎಂದಿತ್ತು. ಕಂಪ್ಯೂಟರಿನಲ್ಲಿ ನನ್ನ ಫೋಲ್ಡರ್ 4.6 ತೋರಿಸುತ್ತಿತ್ತು. ಬರೆಯಲು ಹೋದರೆ ಜಾಗವಿಲ್ಲ! ಪೊಟ್ಟಣದವರ ಜಿಬಿ ಎಂದರೆ ನೂರು ಕೋಟಿ ಬೈಟ್, ಕಂಪ್ಯೂಟರಿನದು 1024ರ ಲೆಕ್ಕ. ಅದರ ಅಳತೆಯಲ್ಲಿ ಆ ಡಿಸ್ಕಿಗೆ ಹಿಡಿಸುವುದು ಸುಮಾರು 4.37 ಮಾತ್ರ. ಹೆಸರು ಒಂದೇ ಸೇರು, ಅಳೆಯುವುದು ಊರಿಗೊಂದು ಬಗೆ.

ಗಾಬರಿಯಲ್ಲಿ ಫೋಟೊಗಳನ್ನು ಕುಗ್ಗಿಸುತ್ತ ಕೂತೆ. ಮತ್ತೆ ತಯಾರಿಸಿದರೆ ಫೈಲು ಹೆಚ್ಚುಕಡಿಮೆ ಅಷ್ಟೇ ಇತ್ತು. ಇಳಿಯುವುದಾದರೂ ಹೇಗೆ? ಫೋಟೊ ಎಷ್ಟೇ ಮೆಗಾಪಿಕ್ಸೆಲ್‌ನದಾಗಲಿ, ಪಾಲ್ ಟಿವಿ ಪದ್ಧತಿಯ ಡಿವಿಡಿಯಲ್ಲಿ ಅದು ಕೂರುವುದು 720 ಅಡ್ಡ, 576 ಎತ್ತರದ ಚೌಕಟ್ಟಿನಲ್ಲೇ. ಡಿಸ್ಕಿಗೆ ಬೇಕಾದದ್ದು ಹೊತ್ತಿನ ಲೆಕ್ಕ.

ಎಂಟು ಸೆಕೆಂಡ್ ನಿಲ್ಲುವ ಒಂದು ಫೋಟೊ ತೆಗೆದುಕೊಳ್ಳಿ. ಸೆಕೆಂಡಿಗೆ 25ರಂತೆ 200 ಫ್ರೇಮ್. ಹೆಚ್ಚೆಂದರೆ 15 ಫ್ರೇಮಿಗೊಮ್ಮೆ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕೆಂಬುದು ನಿಯಮ. ಅಲುಗಾಡದೆ ಕುಳಿತ ಅಜ್ಜಿಯ ಮುಖವನ್ನು ಡಿಸ್ಕು ಕಡಿಮೆಯೆಂದರೂ 14 ಸಲ ಪೂರ್ತಿ ಬರೆದಿರುತ್ತದೆ. ನಡುವಿನ ಫ್ರೇಮುಗಳು ‘ಮೊದಲಿನಂತೆಯೇ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ, ಅವಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಫೋಟೊ ಮೇಲೆ ಕ್ಯಾಮೆರಾ ತೇಲಿಸಿ, ಹಿಗ್ಗಿಸಿ, ಒಂದರೊಳಗೊಂದನ್ನು ಕರಗಿಸಿದಿರೋ, ಆ ಅಗ್ಗದ ಫ್ರೇಮುಗಳೆಲ್ಲ ದುಬಾರಿ. ಮದುವೆ ಆಲ್ಬಮ್ಮಿನವರು ವಧೂವರರನ್ನು ಗುಲಾಬಿ ದಳದೊಳಗಿಂದ ತಿರುಗಿಸಿ ತರುತ್ತಾರಲ್ಲ, ಅದಕ್ಕೂ ಜಾಗ ತೆರಬೇಕು. ಅಭಿರುಚಿಯ ಮಾತು ಬಿಡಿ.

ನನ್ನ ಡಿಸ್ಕಿನ ನಿಜವಾದ ಹೊರೆ ಇದ್ದದ್ದು ಧ್ವನಿಯಲ್ಲಿ. ನಾಲ್ಕು ಗಂಟೆಯ ಹಾಡನ್ನು ಕುಗ್ಗಿಸದೆ ಎಲ್‌ಪಿಸಿಎಂ ಸ್ಟೀರಿಯೊದಲ್ಲಿ, ಸೆಕೆಂಡಿಗೆ 1,536 ಕಿಲೋಬಿಟ್‌ನಂತೆ ಇಟ್ಟಿದ್ದೆ. ಪೊಟ್ಟಣದ ಲೆಕ್ಕದಲ್ಲೇ ಅದು 2.7 ಜಿಬಿಗೂ ಮಿಗಿಲು. ಅದೂ ಒಂದೇ ಮೈಕಿನ ಮೋನೊ ಟೇಪಿಗೆ! ಧ್ವನಿಯನ್ನು ಕುಗ್ಗಿಸುವ ಡಾಲ್ಬಿ ಎಸಿ-3ರಲ್ಲಿ 192 ಕಿಲೋಬಿಟ್‌ಗೆ ಇಳಿಸಿದಾಗ ಅಷ್ಟೂ ಹಾಡು 350 ಎಂಬಿಯೊಳಗೆ ಕೂತಿತು. ಚಿತ್ರಕ್ಕೆ ಸೆಕೆಂಡಿಗೆ 2 ಮೆಗಾಬಿಟ್‌ಗಿಂತ ಹೆಚ್ಚೇ ಉಳಿಯಿತು. ನಿಂತ ಚಿತ್ರಕ್ಕೆ ಅದು ಧಾರಾಳ. ದನಿಯ ನಡುಕ, ಹಿಂದೆ ಯಾರೋ ಪಾತ್ರೆ ಸರಿಸಿದ ಸದ್ದು ಎಲ್ಲವೂ ಹಾಗೇ ಕೇಳುತ್ತಿತ್ತು.

ಮೊದಲು ಹೊತ್ತು, ಆಮೇಲೆ ಧ್ವನಿಯ ಪಾಲು, ಉಳಿದದ್ದು ಚಿತ್ರಕ್ಕೆ. ಇಂದಿನ ಗೋಷ್ಠಿಗಳಲ್ಲಿ ಈ ಕ್ರಮವನ್ನು ನಾವೇ ಕೈಯಾರೆ ಮಾಡಿ ನೋಡೋಣ. ನನ್ನದೊಂದು ಕೇಳಿಕೆಯಿದೆ. ಡಿವಿಡಿ ನೆಂಟರಿಷ್ಟರಿಗೆ ಹಂಚುವ ಪ್ರತಿ. ಸ್ಕ್ಯಾನ್ ಮಾಡಿದ ಟಿಫ್ ಚಿತ್ರಗಳನ್ನೂ ಟೇಪಿನಿಂದ ಇಳಿಸಿಕೊಂಡ ವೇವ್ ಫೈಲುಗಳನ್ನೂ ಕುಗ್ಗಿಸದೆ ಎರಡು ಕಡೆ ಇಟ್ಟ ಮೇಲೆಯೇ ದಯವಿಟ್ಟು ಡಿಸ್ಕ್ ಮಾಡಲು ಕೂತುಕೊಳ್ಳಿ.